ಆರ್ಕಿಡ್ ಹೂವಿಗೆ ಕಾಲನಿರ್ಣಯ

ಗಿಡವು ತನ್ನ ಋತು ಬಂದಾಗ ಹೂಬಿಡುವುದೆಂಬುದು ಲೋಕಾನುಭವ. ಆದರೆ ಹೂ ಬೆಳೆದು ಮಾರುವವನಿಗೆ ಅಷ್ಟು ಸಾಲದು. ಹಬ್ಬ ಕಳೆದ ಮರುವಾರ ಅರಳಿದ ಹೂವನ್ನು ಕೇಳುವವರಾರು? ಹೂ ಅರಳುವ ಕಾಲವನ್ನು ಮನುಷ್ಯನು ಗೊತ್ತುಮಾಡಬಲ್ಲನೆ? ನಮ್ಮ ಮಲೆನಾಡಿನ ಸೀತಾಳೆದಂಡೆಯೂ ಸೇರಿರುವ ಆರ್ಕಿಡ್ ಕುಟುಂಬದ ಒಂದು ಗಿಡವನ್ನು ತೆಗೆದುಕೊಂಡು ಇದನ್ನು ವಿಚಾರಮಾಡೋಣ.

ಆ ಗಿಡದ ಹೆಸರು ಫೆಲನಾಪ್ಸಿಸ್. ಅದರ ಹೂ ರೆಕ್ಕೆ ಬಿಚ್ಚಿದ ಪತಂಗದಂತಿರುತ್ತದೆ. ಉಷ್ಣತೆ ಸದಾ 28 ಡಿಗ್ರಿ ಸೆಂಟಿಗ್ರೇಡಿಗಿಂತ ಮೇಲಿದ್ದರೆ ಈ ಗಿಡ ಎಲೆ ಬಿಡುತ್ತದೆಯೇ ಹೊರತು ಸಾಮಾನ್ಯವಾಗಿ ಹೂದಂಟನ್ನು ಬಿಡುವುದಿಲ್ಲ. ಹಗಲು 25, ಇರುಳು 20 ಡಿಗ್ರಿಯ ತಂಪಿನಲ್ಲಿ ಕೆಲವು ವಾರ ಇರಿಸಿದರೆ, ಎಲೆಯ ಬುಡದಲ್ಲಿ ಸುಪ್ತವಾಗಿದ್ದ ಮೊಗ್ಗು ಎಚ್ಚೆತ್ತು ದಂಟಾಗುತ್ತದೆ. ಸಾವಿರ ಮೀಟರು ಮೇಲೇರಿದರೆ ಗಾಳಿಯ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆಂದು ನಾವು ಭೌತಶಾಸ್ತ್ರದಲ್ಲಿ ಓದುತ್ತೇವೆ. ತೈವಾನಿನ ಬೆಳೆಗಾರರು ಬೇಸಗೆಯಲ್ಲಿ ಗಿಡಗಳನ್ನು ಬೆಟ್ಟಕ್ಕೆ ಸಾಗಿಸಿ ಹೂಬಿಡಿಸಿದ್ದು ಈ ತತ್ತ್ವದಿಂದಲೇ.

ಹಾಗಾದರೆ ಗೊಬ್ಬರದ ಪಾತ್ರವೇನು? ರಂಜಕವನ್ನು ಹೆಚ್ಚಾಗಿ ಕೊಟ್ಟರೆ ಹೂ ತಾನಾಗಿ ಬರುವುದೆಂಬ ನಂಬಿಕೆ ಹಲವರಲ್ಲಿದೆ. ಆದರೆ ಬಿಸಿಯಲ್ಲೇ ಇರುವ ಫೆಲನಾಪ್ಸಿಸ್ ಗಿಡಕ್ಕೆ ಎಷ್ಟು ರಂಜಕವಿತ್ತರೂ ತಂಪಿನ ಕೊರತೆ ನೀಗದು. ಗೊಬ್ಬರವು ಗಿಡವನ್ನು ಪುಷ್ಟಿಗೊಳಿಸಿ ಹೂಬಿಡಲು ಅರ್ಹವಾಗಿಸುತ್ತದೆ, ಕಾಲವನ್ನು ಸೂಚಿಸುವುದಿಲ್ಲ. ಆದರೂ ಗೊಬ್ಬರವನ್ನು ಹೊತ್ತರಿತು ಕೊಡಬೇಕು. ಡೆಂಡ್ರೋಬಿಯಮ್ ನೋಬೈಲ್ ಎಂಬ ಇನ್ನೊಂದು ಆರ್ಕಿಡ್‌ಗೆ ಬೆಳವಣಿಗೆಯ ಕಾಲ ಮುಗಿದ ಮೇಲೂ ಸಾರಜನಕವನ್ನು ಕೊಡುತ್ತಿದ್ದರೆ, ಹೂ ಬರಬೇಕಾದ ಗಿಣ್ಣುಗಳಲ್ಲಿ ಮರಿಸಸಿಗಳು ಹುಟ್ಟುವುದುಂಟು.

ಇನ್ನು ಬೆಳವಣಿಗೆಯ ನಿಯಂತ್ರಕಗಳು. ಸಸ್ಯದೇಹದಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದು ಮಹತ್ಕಾರ್ಯ ನಡೆಸುವ ಹಾರ್ಮೋನುಗಳೂ ಅವುಗಳನ್ನು ಹೋಲುವ ಕೃತಕ ವಸ್ತುಗಳೂ ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಬೆಂಜೈಲ್ ಅಡೆನೀನ್ ಎಂಬುದು ಒಂದು. ಲೀಟರು ನೀರಿಗೆ 200 ಅಥವಾ 400 ಮಿಲಿಗ್ರಾಂ ಬೆರೆಸಿ ಎಲೆಗಳಿಗೆ ಸಿಂಪಡಿಸಿದಾಗ ದಂಟು 3ರಿಂದ 9 ದಿನ ಮೊದಲೇ ಕಾಣಿಸಿಕೊಂಡಿತೆಂದೂ ದಂಟುಗಳ ಸಂಖ್ಯೆ ಹೆಚ್ಚಿತೆಂದೂ 2008ರಲ್ಲಿ ಪ್ರಕಟವಾದ ಪ್ರಯೋಗಗಳು ತಿಳಿಸಿದವು. ಆದರೆ ತಂಪಿನ ಸ್ಥಾನವನ್ನು ಅದು ಪೂರ್ಣವಾಗಿ ತುಂಬಲಾರದು. ಜಿಬ್ಬರೆಲಿನ್ ಎಂಬ ಇನ್ನೊಂದು ನಿಯಂತ್ರಕದ ಪ್ರಮಾಣ ಮೀರಿದರೆ ಹೂಗಳೇ ವಿಕಾರಗೊಳ್ಳುವುದುಂಟು.

ಗೊಬ್ಬರ ಗಿಡವನ್ನು ಸಿದ್ಧಗೊಳಿಸುತ್ತದೆ, ತಂಪು ಅಪ್ಪಣೆ ಕೊಡುತ್ತದೆ, ನಿಯಂತ್ರಕ ಆ ಕಾರ್ಯಕ್ಕೆ ವೇಗ ಕೊಡುತ್ತದೆ. ತಂಪು ತಗಲಿದ ಮೇಲೆ ದಂಟು ಹೊರಡಲು ಕೆಲವು ವಾರಗಳೂ ಹೂ ಅರಳಲು ಮತ್ತೆ ಮೂರು ನಾಲ್ಕು ತಿಂಗಳೂ ಹಿಡಿಯುತ್ತವೆ. ಆದುದರಿಂದ ಫೆಬ್ರವರಿಯಲ್ಲಿ ಹೂ ಬೇಕೆನ್ನುವವನು ಹಿಂದಕ್ಕೆ ಎಣಿಸಿ, ಸೆಪ್ಟೆಂಬರಿನಲ್ಲಿಯೇ ಗಿಡವನ್ನು ತಂಪಿಗೆ ಒಯ್ಯಬೇಕು. ಜನವರಿಯಲ್ಲಿ ಔಷಧವನ್ನು ಹುಡುಕಹೊರಟರೆ ಹೊತ್ತು ಮೀರಿರುತ್ತದೆ.