ಕಳೆ ಯಂತ್ರ ಚಾಲೂ ಆಗದಿದ್ದರೆ ಮೊದಲು ಪ್ಲಗ್ ನೋಡಿರಿ



ಮುಂಗಾರಿನಲ್ಲಿ ಬಿತ್ತಿದ ಮೆಕ್ಕೆಜೋಳ ಗೇಣುದ್ದ ಬರುವ ಹೊತ್ತಿಗೆ ಕಳೆಯೂ ಅದರ ಜೊತೆಗೇ ಏಳುತ್ತದೆ. ಮೊದಲ ಒಂದೂವರೆ ತಿಂಗಳು ಕಳೆಯನ್ನು ಹದ್ದಿನಲ್ಲಿಟ್ಟರೆ ಮಾತ್ರ ನಾವು ಹಾಕಿದ ಗೊಬ್ಬರ ಬೆಳೆಗೆ ಸೇರುತ್ತದೆ. ಇಲ್ಲವಾದರೆ ಕಳೆಗೆ ಸೇರುತ್ತದೆ. ಹಿಂದೆ ಈ ಕೆಲಸಕ್ಕೆ ಎತ್ತು ಮತ್ತು ಎಡೆಕುಂಟೆ ಇದ್ದವು. ಈಗ ಎತ್ತು ಕಡಿಮೆಯಾಗಿ, ಪೆಟ್ರೋಲಿನಿಂದ ನಡೆಯುವ ಕಳೆ ಯಂತ್ರ, ಅಂದರೆ ಪವರ್ ವೀಡರ್, ಹೊಲಗಳಿಗೆ ಬಂದಿದೆ. ಎತ್ತಿಗೆ ದಿನವೂ ಮೇವು ಬೇಕು, ಯಂತ್ರಕ್ಕೆ ಬೇಡ, ನಿಜ. ಆದರೆ ಎಂಟು ತಿಂಗಳು ಮೂಲೆಯಲ್ಲಿ ಬಿದ್ದ ಯಂತ್ರವನ್ನು ಹೊಲಕ್ಕೆ ಒಯ್ದು ಹಗ್ಗ ಎಳೆದರೆ ಅದು ಮಿಸುಕುವುದಿಲ್ಲ. ಆಗ ಏನು ಮಾಡಬೇಕೆಂಬುದೇ ಈ ಪಾಠ.

ನನ್ನದೇ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಹರಪನಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಹಿರಿಯ ರೈತರೊಬ್ಬರ ಮೆಕ್ಕೆಜೋಳಕ್ಕೆ ಇಪ್ಪತ್ತು ದಿನವಾಗಿತ್ತು. ಮಳೆ ಬಿಡುವು ಕೊಟ್ಟು ನೆಲ ಹದಕ್ಕೆ ಬಂದಿತ್ತು. ಅಂಗೈ ಬೊಬ್ಬೆ ಬರುವವರೆಗೆ ಹಗ್ಗ ಎಳೆದರೂ ಯಂತ್ರ ಚಾಲೂ ಆಗಲಿಲ್ಲ. "ಯಜಮಾನರೇ, ಹೊಸ ಪ್ಲಗ್ ತರಿಸಿರಿ" ಎಂದು ನಾನು ಹೇಳಿದೆ. ಮರುದಿನ ತರಿಸಿದರು, ಹಾಕಿದೆವು, ಪ್ರಯೋಜನವಾಗಲಿಲ್ಲ. ಮೂರನೆಯ ದಿನ ಯಂತ್ರವನ್ನು ಗೂಡ್ಸ್ ಆಟೋದಲ್ಲಿ ಪೇಟೆಗೆ ಒಯ್ದರು. ಮೆಕ್ಯಾನಿಕ್ ಹಳೆಯ ಪ್ಲಗ್ಗನ್ನು ಕೈಯಲ್ಲಿ ಹಿಡಿದು, "ಇದು ಒಣಗಿದೆಯಲ್ಲ, ಪೆಟ್ರೋಲೇ ಬಂದಿಲ್ಲ" ಎಂದ. ಕಾರ್ಬೊರೇಟರಿನ ಕೆಳಗಿನ ಬಟ್ಟಲಲ್ಲಿ ಹಳೆಯ ಪೆಟ್ರೋಲು ಅಂಟಾಗಿತ್ತು. ಕಾಲು ಗಂಟೆಯ ಕೆಲಸ. ಆದರೆ ಆ ರಾತ್ರಿಯೇ ಮಳೆ ಹಿಡಿಯಿತು, ವಾರ ಬಿಡಲಿಲ್ಲ. ಕಳೆ ಬೆಳೆಯನ್ನು ಮೀರಿತು. "ತಮ್ಮಾ, ನೀನು ಪ್ಲಗ್ ಬದಲಿಸು ಅಂದಿ, ನೋಡು ಅನ್ನಲಿಲ್ಲ" ಎಂದರು ಯಜಮಾನರು. ಆ ಮಾತು ಸರಿಯಾಗಿತ್ತು.

ದನ ಮೇವು ಬಿಟ್ಟರೆ ನಾವು ಅದರ ಮೂತಿ ಮುಟ್ಟಿ ನೋಡುತ್ತೇವೆ: ತೇವವಿದೆಯೋ, ಒಣಗಿದೆಯೋ? ಎಂಜಿನ್ನಿಗೂ ಹಾಗೆಯೇ. ಅದು ನಡೆಯಲು ಪೆಟ್ರೋಲು, ಗಾಳಿ, ಕಿಡಿ ಈ ಮೂರೂ ಬೇಕು. ಒಳಗೆ ಒತ್ತಡವೂ ಇರಬೇಕು. ಯಾವುದು ತಪ್ಪಿದೆ ಎಂಬುದನ್ನು ಸ್ಪಾರ್ಕ್ ಪ್ಲಗ್ ಹೇಳುತ್ತದೆ.

ಪ್ಲಗ್ ಬಿಚ್ಚುವ ಮೊದಲು

1. ಸ್ವಿಚ್ ಆನ್ ಇದೆಯೇ? ಪೆಟ್ರೋಲ್ ಕಾಕ್ ತೆರೆದಿದೆಯೇ? ತಣ್ಣಗಿರುವ ಎಂಜಿನ್ನಿಗೆ ಚೋಕ್ ಹಾಕಿದ್ದೀರಾ?

2. ಸಮ ನೆಲದಲ್ಲಿ ನಿಲ್ಲಿಸಿ ಎಂಜಿನ್ ಆಯಿಲ್ ನೋಡಿರಿ. ಆಯಿಲ್ ಕಡಿಮೆಯಾದರೆ ಕಿಡಿಯನ್ನು ತಾನೇ ತಡೆಯುವ ಏರ್ಪಾಡು ಅನೇಕ ಎಂಜಿನ್ನುಗಳಲ್ಲಿ ಇರುತ್ತದೆ. ಯಂತ್ರ ಓರೆಯಾಗಿ ನಿಂತಿದ್ದರೂ ಹೀಗಾಗಬಹುದು.

ಇವೆಲ್ಲ ಸರಿಯಿದ್ದು, ಐದಾರು ಸಲ ಎಳೆದರೂ ಚಾಲೂ ಆಗದಿದ್ದರೆ ಎಳೆಯುವುದನ್ನು ನಿಲ್ಲಿಸಿರಿ. ಪ್ಲಗ್ ಬಿಚ್ಚಿ ಅದರ ತುದಿ ನೋಡಿರಿ.

ಪ್ಲಗ್ ಒಣಗಿದ್ದರೆ

ಪೆಟ್ರೋಲು ಒಳಗೆ ಬರುತ್ತಿಲ್ಲ ಎಂದು ಅರ್ಥ. ಟ್ಯಾಂಕಿನಿಂದ ಕೆಳಗೆ ಒಂದೊಂದಾಗಿ ನೋಡುತ್ತ ಬನ್ನಿರಿ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತು ಇರುತ್ತದೆ. ಅದು ಧೂಳಿನಿಂದ ಮುಚ್ಚಿದರೆ ಪೆಟ್ರೋಲು ಇಳಿಯುವುದಿಲ್ಲ. ಮುಚ್ಚಳ ಸಡಿಲಿಸಿದಾಗ ಚಾಲೂ ಆದರೆ ದೋಷ ಅಲ್ಲಿಯೇ ಇದೆ. ಆಮೇಲೆ ಕಾರ್ಬೊರೇಟರಿನ ಬಟ್ಟಲಿನ ಕೆಳಗಿರುವ ಸ್ಕ್ರೂ ಸಡಿಲಿಸಿ, ಹಳೆಯ ಪೆಟ್ರೋಲನ್ನು ಒಂದು ಡಬ್ಬಿಗೆ ಇಳಿಸಿರಿ. ಅದು ಬಣ್ಣಗೆಟ್ಟು ವಾರ್ನಿಷಿನಂತೆ ನಾರುತ್ತಿದ್ದರೆ ಟ್ಯಾಂಕನ್ನೂ ಖಾಲಿ ಮಾಡಿ ಹೊಸ ಪೆಟ್ರೋಲು ಹಾಕಿರಿ. ಕಾರ್ಬೊರೇಟರಿನ ಸಣ್ಣ ತೂತು ಕಟ್ಟಿದ್ದರೆ ಪೆಟ್ರೋಲಿನಿಂದ ತೊಳೆದು, ಸೈಕಲ್ ಪಂಪಿನಿಂದ ಗಾಳಿ ಊದಿರಿ. ತಂತಿ ತೂರಿಸಬಾರದು, ತೂತು ದೊಡ್ಡದಾದರೆ ಅಳತೆ ಕೆಡುತ್ತದೆ.

ಪ್ಲಗ್ ತೇವವಾಗಿದ್ದರೆ

ಪೆಟ್ರೋಲು ಬಂದಿದೆ, ಆದರೆ ಉರಿದಿಲ್ಲ. ಚೋಕ್ ಹಾಕಿ ಬಹಳ ಸಲ ಎಳೆದಿದ್ದರೆ ಪೆಟ್ರೋಲು ಹೆಚ್ಚಾಗಿರಬಹುದು. ಸ್ವಿಚ್ ಆಫ್ ಮಾಡಿ, ಪ್ಲಗ್ ಇಲ್ಲದೆ ಐದಾರು ಸಲ ಎಳೆದು ಒಳಗಿನದನ್ನು ಹೊರಹಾಕಿರಿ. ಚೆಲ್ಲಿದ ಪೆಟ್ರೋಲನ್ನು ಒರೆಸಿ ಆರಲು ಬಿಡಿರಿ. ಪ್ಲಗ್ಗಿನ ಮಸಿಯನ್ನು ಬ್ರಷ್ಷಿನಿಂದ ತೆಗೆದು ಒಣಗಿಸಿರಿ. ಅದರ ತುದಿಯ ಸಂದು ಸುಮಾರು 0.7 ಮಿಲಿಮೀಟರ್ ಇರಬೇಕು; ಬ್ಯಾಂಕಿನ ಎ.ಟಿ.ಎಂ. ಕಾರ್ಡಿನ ದಪ್ಪ ಹೆಚ್ಚುಕಡಿಮೆ ಇಷ್ಟೇ.

ಈಗ ಕಿಡಿ ನೋಡಿರಿ. ಪ್ಲಗ್ಗಿಗೆ ಕ್ಯಾಪ್ ಹಾಕಿ, ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿದು, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿರಿ. ಪ್ಲಗ್ಗಿನ ತೂತಿನಿಂದ ದೂರವಿರಲಿ, ಹತ್ತಿರ ಪೆಟ್ರೋಲ್ ಡಬ್ಬಿ ಇರಬಾರದು. ಸ್ವಿಚ್ ಆನ್ ಮಾಡಿ ಇನ್ನೊಬ್ಬರಿಂದ ಹಗ್ಗ ಎಳೆಸಿರಿ. ನೀಲಿ ಕಿಡಿ ಹಾರಿದರೆ ಪ್ಲಗ್ ಕೂಡಿಸಿ, ಚೋಕ್ ತೆಗೆದು ಚಾಲೂ ಮಾಡಿರಿ. ಕಿಡಿ ಇಲ್ಲದಿದ್ದರೆ ಮಾತ್ರ ಹೊಸ ಪ್ಲಗ್. ಅದರಲ್ಲಿಯೂ ಕಿಡಿ ಬಾರದಿದ್ದರೆ ವೈರ್ ಅಥವಾ ಕಾಯಿಲ್ ದೋಷ, ಮೆಕ್ಯಾನಿಕ್ಕಿಗೆ ತೋರಿಸತಕ್ಕದ್ದು.

ಪೆಟ್ರೋಲು, ಕಿಡಿ ಎರಡೂ ಇದ್ದು ಚಾಲೂ ಆಗದಿದ್ದರೆ ಏರ್ ಫಿಲ್ಟರ್ ಬಿಚ್ಚಿರಿ. ಕೂಡ್ಲಿಗಿ, ಕೊಟ್ಟೂರು ಕಡೆಯ ಮಸಾರಿ ನೆಲದ ಕೆಂಪು ಧೂಳು ಅದನ್ನು ಬೇಗ ಮುಚ್ಚುತ್ತದೆ. ಫಿಲ್ಟರ್ ಇಲ್ಲದೆ ಯಂತ್ರ ನಡೆಸಿದರೆ ಅದೇ ಧೂಳು ಪಿಸ್ಟನ್ನನ್ನು ಸವೆಸುತ್ತದೆ. ಹಗ್ಗ ಎಳೆಯುವಾಗ ಬಿಗಿಯೇ ಇಲ್ಲದೆ ಸಲೀಸಾಗಿ ಬಂದರೆ ಒಳಗೆ ಒತ್ತಡವಿಲ್ಲ. ಅದು ಹೊಲದಲ್ಲಿ ಆಗುವ ರಿಪೇರಿಯಲ್ಲ.

ಜೀವಕ್ಕೆ ಅಪಾಯವಾಗದಿರಲಿ

ಪ್ಲಗ್ಗಿನ ಕ್ಯಾಪ್ ತೆಗೆಯದೆ ಯಂತ್ರದ ಬ್ಲೇಡುಗಳಿಗೆ ಕೈ ಹಾಕಬಾರದು. ಪೆಟ್ರೋಲಿನ ಹತ್ತಿರ ಬೀಡಿ ಸೇದಬಾರದು. ಮುಚ್ಚಿದ ಕೋಣೆಯಲ್ಲಿ ಎಂಜಿನ್ ನಡೆಸಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮನುಷ್ಯನನ್ನು ಕೊಲ್ಲುತ್ತದೆ. ಬಾವಿಯೊಳಗೆ ಪೆಟ್ರೋಲ್ ಪಂಪು ಇಳಿಸಿ ನಡೆಸುವುದೂ ಇದೇ ಕಾರಣಕ್ಕೆ ಅಪಾಯ.

ಸುಗ್ಗಿ ಮುಗಿದ ಮೇಲೆ

ನಮ್ಮ ದೇಶದ ಪೆಟ್ರೋಲಿನಲ್ಲಿ 2025ರ ಹೊತ್ತಿಗೆ 100ಕ್ಕೆ 20 ಪಾಲು ಎಥನಾಲ್ ಬೆರೆತಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಅದು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂಡುತ್ತದೆ. ಆದ್ದರಿಂದ ಒಂದು ತಿಂಗಳಿಗಿಂತ ಹೆಚ್ಚು ಕಾಲ ಯಂತ್ರ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿರಿ. ಕಾಕ್ ಮುಚ್ಚಿ, ಎಂಜಿನ್ ತಾನೇ ನಿಲ್ಲುವವರೆಗೆ ನಡೆಸಿ ಕಾರ್ಬೊರೇಟರ್ ಬರಿದು ಮಾಡಿರಿ. ಬಿತ್ತನೆಗೆ ಒಂದು ವಾರ ಮೊದಲೇ ಮನೆಯ ಅಂಗಳದಲ್ಲಿ ಚಾಲೂ ಮಾಡಿ ನೋಡಿರಿ. ದೋಷವಿದ್ದರೆ ಅಂಗಳದಲ್ಲಿ ತಿಳಿಯಲಿ, ಹೊಲದಲ್ಲಿ ಬೇಡ.

ಈ ಪಾಠ ಪೆಟ್ರೋಲ್ ಎಂಜಿನ್ನಿಗೆ ಮಾತ್ರ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಅದರ ಕ್ರಮ ಬೇರೆ.

ಊರಿನವರು ಕೂಡಿ ಚರ್ಚಿಸಲು ಪ್ರಶ್ನೆಗಳು

1. ಪ್ಲಗ್ ಒಣಗಿದ್ದರೆ ಹೊಸ ಪ್ಲಗ್ ಹಾಕುವುದರಿಂದ ಏಕೆ ಪ್ರಯೋಜನವಿಲ್ಲ?

2. ಕಿಡಿ ನೋಡುವ ಮೊದಲು ಚೆಲ್ಲಿದ ಪೆಟ್ರೋಲನ್ನು ಏಕೆ ಒರೆಸಬೇಕು?

3. ನಿಮ್ಮ ಊರಿನ ಯಂತ್ರಗಳಲ್ಲಿ ಎಷ್ಟರ ಟ್ಯಾಂಕಿನಲ್ಲಿ ಕಳೆದ ವರ್ಷದ ಪೆಟ್ರೋಲು ಇನ್ನೂ ಇದೆ?