ಗುರುತಿಲ್ಲದ ಫೈಲನ್ನು ತೆರೆಯುವ ಮುನ್ನ

ಬಿತ್ತನೆ ಬೀಜ ಕೊಳ್ಳುವಾಗ ಚೀಲದ ಮೇಲಿನ ಚಿತ್ರವನ್ನಷ್ಟೇ ನಂಬಿ ಯಾರೂ ಹಣ ಕೊಡುವುದಿಲ್ಲ. ಪ್ರಮಾಣಿತ ಬೀಜದ ನೀಲಿ ಚೀಟಿ, ಮೊಹರು, ವಾಯಿದೆಯ ದಿನಾಂಕ ಇವುಗಳನ್ನು ನೋಡಿಯೇ ಕೊಳ್ಳುತ್ತೇವೆ. ಕಂಪ್ಯೂಟರು ಮತ್ತು ಮೊಬೈಲಿಗೆ ಬರುವ ಫೈಲುಗಳ ವಿಷಯದಲ್ಲಿಯೂ ಇದೇ ಎಚ್ಚರ ಅವಶ್ಯಕ. ಪಿಎಂ-ಕಿಸಾನ್ ಯೋಜನೆಯ ಹೆಸರು ಹೊತ್ತ ಫೈಲು ವಾಟ್ಸಾಪಿನಲ್ಲಿ ಬಂದು, ಅದನ್ನು ತೆರೆದ ರೈತರ ಬ್ಯಾಂಕ್ ಖಾತೆಯಿಂದ ಹಣ ಹೋದ ಪ್ರಕರಣಗಳು ಇತ್ತೀಚಿನ ವರ್ಷಗಳಲ್ಲಿ ದೇಶದ ಹಲವೆಡೆ ನಡೆದಿವೆ. ಆದ್ದರಿಂದ ರೈತ ಬಾಂಧವರು ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಫೈಲಿನ ವಿಧ: ಹೆಸರಿನಲ್ಲಿ ಕೊನೆಯ ಚುಕ್ಕೆಯ ನಂತರ ಬರುವ ಅಕ್ಷರಗಳು ಫೈಲಿನ ವಿಧವನ್ನು ತಿಳಿಸುತ್ತವೆ. ಜೆಪಿಜಿ ಎಂದರೆ ಚಿತ್ರ. ಪಿಡಿಎಫ್ ಎಂದರೆ ಓದುವ ಕಾಗದಪತ್ರ. ಆಂಡ್ರಾಯ್ಡ್ ಮೊಬೈಲಿನ ಎಪಿಕೆ, ವಿಂಡೋಸ್ ಕಂಪ್ಯೂಟರಿನ ಇಎಕ್ಸ್‌ಇ ಮತ್ತು ವಿಬಿಎಸ್ ಇವು ತೆರೆದೊಡನೆ ಕೆಲಸಕ್ಕೆ ತೊಡಗಬಲ್ಲ ಪ್ರೋಗ್ರಾಮುಗಳು. ಫಲಾನುಭವಿಗಳ ಪಟ್ಟಿಯಾಗಲಿ, ಮದುವೆಯ ಕರೆಯೋಲೆಯಾಗಲಿ, ವಾಹನದ ದಂಡದ ಚಲನ್ ಆಗಲಿ ಪ್ರೋಗ್ರಾಮಿನ ರೂಪದಲ್ಲಿ ಬರಲು ಕಾರಣವೇ ಇಲ್ಲ. ಹಾಗೆ ಬಂದರೆ ಅದು ಮೋಸವೆಂದು ತಿಳಿಯಿರಿ.

2000ನೇ ಇಸವಿಯ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ಇ-ಮೇಲಿನೊಡನೆ ಬಂದ ಫೈಲಿನ ಹೆಸರಿನಲ್ಲಿ ಮೊದಲು ಟಿಎಕ್ಸ್‌ಟಿ, ಕೊನೆಗೆ ವಿಬಿಎಸ್ ಇದ್ದವು. ಕೊನೆಯ ಭಾಗವನ್ನು ವಿಂಡೋಸ್ ಮರೆಮಾಡಿದ್ದರಿಂದ ಜನರು ಅದನ್ನು ಪತ್ರವೆಂದೇ ತೆರೆದರು. ಲಕ್ಷಾಂತರ ಕಂಪ್ಯೂಟರುಗಳು ಸೋಂಕಿಗೆ ಒಳಗಾದವು. ಇಂದಿಗೂ ವಿಂಡೋಸ್ ಈ ಭಾಗವನ್ನು ತಾನಾಗಿ ಮರೆಮಾಡುತ್ತದೆ. ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದಕ್ಕೆ ಗುರುತು ಹಾಕಿದರೆ ಪೂರ್ತಿ ಹೆಸರು ಕಾಣುತ್ತದೆ.

2. ಬಂದ ಮೂಲ: ಪರಿಚಿತರಿಂದ ಬಂದಿದೆ ಎಂಬುದಷ್ಟೇ ಸಾಲದು. ಸೋಂಕು ತಗುಲಿದ ಮೊಬೈಲಿನಿಂದ ಅದರ ಒಡೆಯರಿಗೆ ತಿಳಿಯದೆಯೇ ಇತರರಿಗೆ ಫೈಲು ಹೋಗಬಹುದು. ಕಳುಹಿಸಿದವರಿಗೆ ಫೋನ್ ಮಾಡಿ ವಿಚಾರಿಸಿ. ಸರ್ಕಾರಿ ಯೋಜನೆಗಳ ಆ್ಯಪ್‌ಗಳನ್ನು ಪ್ಲೇ ಸ್ಟೋರಿನಿಂದ ಮಾತ್ರ, ತಯಾರಕರ ಹೆಸರು ನೋಡಿ ಪಡೆಯಿರಿ. ಹೊಸ ಆ್ಯಪ್ ಎಸ್‌ಎಂಎಸ್ ಓದಲು ಅನುಮತಿ ಕೇಳಿದರೆ ಕೊಡಬೇಡಿ. ಬ್ಯಾಂಕಿನ ಒಟಿಪಿ ಬರುವುದು ಅಲ್ಲಿಗೇ.

3. ಸಹಿ: ಕಂಪ್ಯೂಟರಿನಲ್ಲಿ ಇಎಕ್ಸ್‌ಇ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆದರೆ, ‘ಡಿಜಿಟಲ್ ಸಿಗ್ನೇಚರ್ಸ್’ ಎಂಬಲ್ಲಿ ತಯಾರಕರ ಸಹಿ ಕಾಣಬಹುದು. ಸಹಿ ಇಲ್ಲದ್ದೆಲ್ಲ ಕೆಟ್ಟದ್ದಲ್ಲ, ಸಹಿ ಇದ್ದದ್ದೆಲ್ಲ ಒಳ್ಳೆಯದೂ ಅಲ್ಲ. ಆದರೆ ದೊಡ್ಡ ಕಂಪನಿಯ ಹೆಸರು ಹೇಳಿಕೊಂಡು ಸಹಿ ಇಲ್ಲದೆ ಬಂದದ್ದನ್ನು ನಂಬಬಾರದು.

4. ಪರೀಕ್ಷೆ: ಸಂಶಯವಿದ್ದಲ್ಲಿ ಫೈಲನ್ನು ತೆರೆಯದೆಯೇ ‘ವೈರಸ್‌ಟೋಟಲ್’ ಎಂಬ ಜಾಲತಾಣಕ್ಕೆ ಹಾಕಿ ಉಚಿತವಾಗಿ ಪರೀಕ್ಷಿಸಬಹುದು. 2004ರಲ್ಲಿ ಆರಂಭವಾದ ಈ ತಾಣವು ಹತ್ತಾರು ವೈರಸ್ ನಿರೋಧಕ ಪ್ರೋಗ್ರಾಮುಗಳ ಅಭಿಪ್ರಾಯವನ್ನು ಒಟ್ಟಿಗೆ ನೀಡುತ್ತದೆ. ಅಲ್ಲಿಗೆ ಹಾಕಿದ ಫೈಲು ಇತರರ ಕೈಗೂ ಸಿಗುವುದರಿಂದ ಪಹಣಿ, ಆಧಾರ್, ಬ್ಯಾಂಕ್ ಪತ್ರಗಳನ್ನು ಹಾಕಬಾರದು. ಹೊಸ ವೈರಸ್ಸು ಪರೀಕ್ಷೆಯಲ್ಲಿ ಸಿಕ್ಕಿಬೀಳದೆ ಇರಬಹುದು. ಆದ್ದರಿಂದ ವರದಿ ಚೆನ್ನಾಗಿದ್ದರೂ ಮೂಲ ಸಂಶಯಾಸ್ಪದವಾಗಿದ್ದರೆ ಫೈಲನ್ನು ಅಳಿಸಿಹಾಕುವುದೇ ಲೇಸು.

5. ತೆರೆದುಬಿಟ್ಟಿದ್ದರೆ: ಗಾಬರಿಪಡದೆ ಮೊಬೈಲ್ ಡೇಟಾ ಮತ್ತು ವೈ-ಫೈ ಎರಡನ್ನೂ ನಿಲ್ಲಿಸಿ. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ ಖಾತೆಯ ವ್ಯವಹಾರ ತಡೆಹಿಡಿಸಿ. ಹಣ ಹೋಗಿದ್ದರೆ ತಕ್ಷಣವೇ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದೂರು ಬೇಗ ತಲುಪಿದಷ್ಟೂ ಹಣವನ್ನು ತಡೆಯುವ ಸಂಭವ ಹೆಚ್ಚು. ಬಳಿಕ ಆ ಆ್ಯಪನ್ನು ತೆಗೆಸಿ, ಸುರಕ್ಷಿತವಾದ ಬೇರೆ ಫೋನಿನಿಂದ ಪಾಸ್‌ವರ್ಡು ಹಾಗೂ ಪಿನ್‌ಗಳನ್ನು ಬದಲಾಯಿಸಿ.

ಮನೆಯಲ್ಲಿ ಮೊಬೈಲು ಬಳಸುವ ಎಲ್ಲರಿಗೂ ಈ ವಿಷಯಗಳನ್ನು ತಿಳಿಸಿ, 1930 ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು.