ಮನೆಯ ಇಂಟರ್‌ನೆಟ್: ಹೇಳಿದ ವೇಗ, ಸಿಗುವ ವೇಗ

ಮಾಗಳ, ಹಡಗಲಿ, ಕೊಟ್ಟೂರು, ಹರಪನಹಳ್ಳಿ ಸೀಮೆಯಿಂದ ಬ್ರಿಟನ್ನಿಗೆ ಬಂದು ನೆಲೆಸುವ ಕುಟುಂಬಗಳಿಗೆ, ಒಪ್ಪಂದದಲ್ಲಿ ಬರೆದ ವೇಗಕ್ಕೂ ಪರೀಕ್ಷೆಯಲ್ಲಿ ಕಾಣುವ ವೇಗಕ್ಕೂ ತಾಳೆಯಾಗದಿರುವುದು ಮೋಸವೆಂದೇ ತೋರುತ್ತದೆ. ಆದರೆ ಕಾರಣಗಳು ಬಹುಪಾಲು ಬೇರೆಯವು. ಕಂಪನಿ ವೇಗವನ್ನು ಮೆಗಾಬಿಟ್‌ಗಳಲ್ಲಿ ಹೇಳಿದರೆ ಡೌನ್‌ಲೋಡಿನ ಲೆಕ್ಕ ಸಾಮಾನ್ಯವಾಗಿ ಮೆಗಾಬೈಟ್‌ಗಳಲ್ಲಿರುತ್ತದೆ. 8 ಬಿಟ್ ಸೇರಿದರೆ ಒಂದು ಬೈಟ್ ಆಗುವುದರಿಂದ 100 ಎಂದದ್ದು 12.5 ಆಗಿ ಕಾಣುವುದು ಸಹಜ. ವೈಫೈ ವೇಗವಂತೂ ಗೋಡೆ ದಾಟಿದಂತೆ ಇಳಿಯುತ್ತದೆ.

ಹಲವರು ಎಡವುವುದು ತಂತಿಯಲ್ಲಿ. 500 ಮೆಗಾಬಿಟ್ಟಿನ ಸಂಪರ್ಕವಿದ್ದೂ, ರೌಟರಿಗೆ ಕೇಬಲ್ ಹಾಕಿ ಅಳೆದಾಗಲೂ, ಅಂಕಿ ಪ್ರತಿಸಲ 94ರ ಆಸುಪಾಸಿಗೇ ನಿಂತರೆ ದೋಷ ಕಂಪನಿಯದಲ್ಲ. ಗಿಗಾಬಿಟ್ ವೇಗಕ್ಕೆ ಕೇಬಲಿನೊಳಗಿನ 8 ಎಳೆಗಳೂ ಬೇಕು. ತುದಿಯ ಪಾರದರ್ಶಕ ಪ್ಲಗ್ಗಿನಲ್ಲಿ ಆ ಬಣ್ಣದ ಎಳೆಗಳನ್ನು ಎಣಿಸಿಯೇ ನೋಡಬಹುದು. ನಾಲ್ಕೇ ಎಳೆಗಳಿರುವ ಹಳೆಯ ಕೇಬಲ್ ಸಿಕ್ಕಿಸಿದರೆ ಯಂತ್ರಗಳು ಯಾವ ಸೂಚನೆಯನ್ನೂ ಕೊಡದೆ 100ಕ್ಕೆ ಇಳಿದುಬಿಡುತ್ತವೆ, ಮಾಹಿತಿಯ ಪ್ರತಿಯೊಂದು ಕಟ್ಟಿನ ಮೇಲೂ ಇರಬೇಕಾದ ವಿಳಾಸ ಮುಂತಾದ ಬರಹಕ್ಕೆ ಅದರಲ್ಲೂ ಸುಮಾರು 5 ಪಾಲು ಹೋಗುತ್ತದೆ. ಕೇಬಲ್ ಬದಲಿಸುವುದನ್ನು ಬಿಟ್ಟು ದುಬಾರಿ ಪ್ಲಾನಿಗೆ ಹೋಗುವುದು ಶುದ್ಧ ದಂಡ.

ಊರಿನೊಡನೆ ಮಾತಾಡುವ ವೇಗ ತಿಳಿಯಲೆಂದು ಬೆಂಗಳೂರಿನ ಸರ್ವರ್ ಆರಿಸಿ ಅಳೆದರೆ ಅಂಕಿ ಇನ್ನೂ ತಗ್ಗಬಹುದು. ಕಳಿಸಿದ ಮಾಹಿತಿ ತಲುಪಿತೆಂಬ ಮರುಸಂದೇಶಕ್ಕೆ ಕಾಯುವ ಹೊತ್ತು ದೂರದೊಡನೆ ಬೆಳೆಯುತ್ತದೆ. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರ ಜಾತ್ರೆಯ ಭವಿಷ್ಯವಾಣಿಯಾದ ಕಾರ್ಣಿಕವನ್ನು ಮನೆಯವರು ಫೋನಿನಲ್ಲಿ ತೋರಿಸುವಾಗ, ಸರಿಯಾಗಿ ಅದನ್ನು ನುಡಿಯಲು ಗೊರವಯ್ಯ ಬಿಲ್ಲೇರುವ ಗಳಿಗೆಗೆ ಚಿತ್ರ ನಿಂತುಹೋದರೆ ಆಗುವ ಸಂಕಟ ದೊಡ್ಡದೇ. ಆದರೆ ಜಾತ್ರೆಗೆ ಸೇರಿದ ಅಷ್ಟೂ ಜನರ ಫೋನುಗಳು ಅಲ್ಲಿನ ಕೆಲವೇ ಟವರುಗಳನ್ನು ಹಂಚಿಕೊಂಡಿರುವಾಗ ಲಂಡನ್ನಿನ ಮನೆಯಲ್ಲಿ ವೇಗ ಹೆಚ್ಚಿಸಿ ಫಲವಿಲ್ಲ.

ಇಷ್ಟಾದ ಮೇಲೂ ಕೊರತೆ ಉಳಿದರೆ ಸುಮ್ಮನಿರಬೇಕಿಲ್ಲ. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ ಜಾಹೀರಾತಿನ ವೇಗವೆಂದರೆ ರಾತ್ರಿ 8ರಿಂದ 10ರ ನಡುವೆ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಸಿಗುವ ವೇಗ, ಅಂದರೆ ಉಳಿದವರಿಗೆ ಅದಕ್ಕಿಂತ ಕಡಿಮೆ ಸಿಗಬಹುದು. ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ನ ಸಂಹಿತೆಗೆ ಸಹಿ ಹಾಕಿದ ಕಂಪನಿಗಳು ಆಯಾ ಮನೆಗೆ ಕನಿಷ್ಠ ಖಾತರಿ ವೇಗವನ್ನು ಮೊದಲೇ ತಿಳಿಸಬೇಕು; ದೂರು ಕೊಟ್ಟ 30 ದಿನಗಳಲ್ಲಿ ಸರಿಪಡಿಸದಿದ್ದರೆ, 2019ರ ಮಾರ್ಚಿನಿಂದ, ಗ್ರಾಹಕರು ದಂಡವಿಲ್ಲದೆ ಒಪ್ಪಂದ ಬಿಡಬಹುದು. ಹೊಸದಾಗಿ ಬಂದವರು ಆ ಖಾತರಿಯ ಅಂಕಿಯನ್ನು ಸಹಿ ಮಾಡುವ ಮೊದಲೇ ಕೇಳಿ ಬರಹದಲ್ಲಿ ಪಡೆದುಕೊಳ್ಳಬೇಕು.